ಬೂಸ್ಟ್ ಬಂದಾಗ್ಲೇ ಪೆಟ್ರೋಲ್ ಸಾಲ್ತಿರ್ಲಿಲ್ಲ

ಹೋದ ತಿಂಗಳು ಗೆಳೆಯನ 1.2 ಲೀಟರ್ ಹ್ಯಾಚ್‌ಬ್ಯಾಕ್‌ಗೆ ಟರ್ಬೊ (ಇಂಜಿನ್‌ಗೆ ಒತ್ತಡದಲ್ಲಿ ಗಾಳಿ ತುಂಬೋದು, ಆ ಒತ್ತಡಾನೇ ಬೂಸ್ಟ್) ಕೂರ್ಸಿದ್ವಿ, ಗುರಿ 150 ಹಾರ್ಸ್‌ಪವರ್. 5,500 ಆರ್‌ಪಿಎಂ ದಾಟಿದ್ರೆ ಸಾಕು ಒಂದು ಪಾಲು ಪೆಟ್ರೋಲ್‌ಗೆ ಎಷ್ಟು ಪಾಲು ಗಾಳಿ ಅಂತ ತೋರಿಸೋ ವೈಡ್‌ಬ್ಯಾಂಡ್ ಮೀಟರ್ 11.8ರಿಂದ 13.5ಕ್ಕೆ ಏರೋದು, ನಾನು ಪಕ್ಕದ ಸೀಟಲ್ಲಿ ಲ್ಯಾಪ್‌ಟಾಪ್ ಹಿಡ್ಕೊಂಡು "ಕಾಲು ತೆಗಿಯೋ" ಅಂತ ಕೂಗಿದೆ. ಫುಲ್ ಬೂಸ್ಟ್‌ನಲ್ಲಿ ಲೀನ್ ಆಗಿ, ಅಂದ್ರೆ ಪೆಟ್ರೋಲ್ ಕಮ್ಮಿ ಬಿದ್ದು ಓಡಿದ್ರೆ ಪಿಸ್ಟನ್ ಹೋಗೋಕೆ ಜಾಸ್ತಿ ಹೊತ್ತು ಬೇಡ.

ಕೇಳ್ದೋರೆಲ್ಲ ಪೆಟ್ರೋಲ್ ಸಿಂಪಡಿಸೋ ಇಂಜೆಕ್ಟರ್ ಇನ್ನೂ ದೊಡ್ಡದು ಹಾಕಿ ಅಂದ್ರು. ಆದ್ರೆ ನಾವು ಲೆಕ್ಕ ಹಾಕೇ ತಂದಿದ್ವಿ. ಟರ್ಬೊ ಇಂಜಿನ್‌ಗೆ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಬೇಕು, 150ಕ್ಕೆ ಹತ್ರ ಹತ್ರ 55 ಲೀಟರ್, ಈಗ ಬಂಕಲ್ಲಿ ಸಿಗೋದು ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಆದ್ದರಿಂದ ಇನ್ನೊಂದು 6-7% ಸೇರಿಸ್ಬೇಕು. ನಾಲ್ಕು ಇಂಜೆಕ್ಟರ್‌ಗೆ ಹಂಚಿದ್ರೆ ಒಂದಕ್ಕೆ ನಿಮಿಷಕ್ಕೆ 245 ಸಿಸಿ. ನಮ್ಮದು 3 ಬಾರ್‌ಗೆ 350 ಸಿಸಿ ಕೊಡೋದು, ಅಂದ್ರೆ ಡ್ಯೂಟಿ (ಇಂಜೆಕ್ಟರ್ ತೆರೆದಿರೋ ಸಮಯದ ಪಾಲು) 70% ಇರ್ಬೇಕು. ಲಾಗ್ ನೋಡಿದ್ರೆ 96!

ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ರೇಲ್‌ಗೆ ಪ್ರೆಶರ್ ಗೇಜ್ ಹಾಕಿದ್ಮೇಲೆ ಗೊತ್ತಾಯ್ತು. ಈ ಕಾರಲ್ಲಿ ಪೆಟ್ರೋಲ್ ಒತ್ತಡ ಹಿಡಿದಿಡೋ ರೆಗ್ಯುಲೇಟರ್ ಟ್ಯಾಂಕ್ ಒಳಗಿದೆ, ಅದಕ್ಕೆ ಬೂಸ್ಟ್ ವಿಷಯ ಗೊತ್ತೇ ಆಗಲ್ಲ, ಯಾವಾಗ್ಲೂ 3 ಬಾರೇ ಕೊಡುತ್ತೆ. ಇಂಜಿನ್‌ಗೆ ಗಾಳಿ ಒಯ್ಯೋ ಮ್ಯಾನಿಫೋಲ್ಡ್‌ನಲ್ಲಿ 1 ಬಾರ್ ಬೂಸ್ಟ್ ಎದುರಿಗೆ ತಳ್ತಿರುವಾಗ ಇಂಜೆಕ್ಟರ್‌ಗೆ ಉಳಿಯೋದು 2 ಬಾರ್ ಅಷ್ಟೇ, ಅಲ್ಲೇ 18% ಪೆಟ್ರೋಲ್ ಖೋತಾ. ಸಾಲದ್ದಕ್ಕೆ ಟಾಪ್ ಎಂಡಲ್ಲಿ ಆ 3 ಬಾರೂ 2.6ಕ್ಕೆ ಇಳೀತಿತ್ತು. ಹಿಂದಿನ ಸೀಟ್ ಎತ್ತಿ ಪಂಪ್ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿದ್ರೆ 11.1 ವೋಲ್ಟ್, ಬ್ಯಾಟರಿ ಹತ್ರ 13.8. ದೊಡ್ಡ ಪಂಪೇನೋ ಮೊದಲೇ ತಂದು ಹಾಕಿದ್ವಿ, ಅದಕ್ಕೆ ಕರೆಂಟ್ ಒಯ್ಯೋ ವೈರ್ ಮಾತ್ರ ಕಂಪನಿಯ ಅದೇ ಸಣ್ಣ ವೈರ್, ವೋಲ್ಟ್ ಅಲ್ಲೇ ಸೋರಿ ಪಂಪ್ ಸುಸ್ತಾಗ್ತಿತ್ತು.

ಈಗ ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ದಪ್ಪ ವೈರ್ ಎಳೆದು ರಿಲೇ ಸ್ವಿಚ್ ಕೊಟ್ಟಿದೀವಿ. ಹಳೇ ವೈರ್ ರಿಲೇನ ಆನ್ ಮಾಡೋಕೆ ಮಾತ್ರ, ಹಾಗಾಗಿ ಇಂಜಿನ್ ನಿಂತ್ರೆ ಇಸಿಯು (ಇಂಜಿನ್ ಕಂಪ್ಯೂಟರ್) ಪಂಪನ್ನೂ ನಿಲ್ಲಿಸುತ್ತೆ, ದಯವಿಟ್ಟು ಇದನ್ನ ಬೈಪಾಸ್ ಮಾಡ್ಬೇಡಿ, ಆಕ್ಸಿಡೆಂಟ್ ಆದಾಗ ಪಂಪ್ ಓಡ್ತಾನೇ ಇದ್ರೆ ಬೆಂಕಿ. ಟ್ಯಾಂಕ್ ಒಳಗಿನ ರೆಗ್ಯುಲೇಟರ್ ತೆಗೆದು ರೇಲ್ ಆದ್ಮೇಲೆ ಹೊಸದು ಕೂರ್ಸಿ, ಅದಕ್ಕೆ ಬೂಸ್ಟ್ ಗೊತ್ತಾಗೋಕೆ ಮ್ಯಾನಿಫೋಲ್ಡ್‌ನಿಂದ ಒಂದು ಸಣ್ಣ ಪೈಪ್, ಅಲ್ಲಿಂದ ಟ್ಯಾಂಕ್‌ಗೆ ರಿಟರ್ನ್ ಲೈನ್. ಪೈಪ್ ಎಲ್ಲಾ ಎಥನಾಲ್ ತಡೆಯೋದೇ ತಗೊಂಡ್ವಿ.

ಭಾನುವಾರ ಮತ್ತೆ ಓಡಿಸಿದ್ವಿ. 1 ಬಾರ್ ಬೂಸ್ಟ್‌ಗೆ ರೇಲ್‌ನಲ್ಲಿ ಸರಿಯಾಗಿ 4 ಬಾರ್, ಡ್ಯೂಟಿ 71%, ಮೀಟರ್ ರೆಡ್‌ಲೈನ್ ತನಕ 11.7 ಬಿಟ್ಟು ಅಲ್ಲಾಡ್ಲಿಲ್ಲ. ಇಂಜೆಕ್ಟರ್ ಅದೇ 350 ಸಿಸಿದು.