ಅಮ್ಮನಿಗೆ ಒಂದು ವೋಟು, ನನಗೆ ಎರಡು

ನಿನ್ನೆ ರಾತ್ರಿ ಊಟ ಆದಮೇಲೆ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಗೆ ಹೆಸರು ಸೇರಿಸೋ ಫಾರಂ 18 ತುಂಬುತ್ತಾ ಕೂತಿದ್ದೆ. ಅಮ್ಮ ಇಣುಕಿ ನೋಡಿ, "ಹೋದ ಸಲ ಹೆಸರು ಸೇರಿಸಿದ್ಯಲ್ಲೋ, ಮತ್ತೆ ಯಾಕೆ?" ಅಂದರು. ಏನು ಮಾಡೋದು, ಇದಕ್ಕೆ ಪ್ರತಿ ಚುನಾವಣೆಗೂ ಹೊಸ ಪಟ್ಟಿ, ಹಳೇದು ನಡೆಯಲ್ಲ.

ಆಮೇಲೆ ಶುರುವಾಯಿತು ಪ್ರಶ್ನೆಗಳು. ವಿಧಾನಸಭೆ ಅಮ್ಮನಿಗೆ ಗೊತ್ತು, 224 ಶಾಸಕರು, ನಾವೇ ಆರಿಸುವುದು. ವಿಧಾನ ಪರಿಷತ್ತು ಹೇಳೋದೇ ಕಷ್ಟ. ಅಲ್ಲಿ 75 ಜನ. 25 ಜನರನ್ನು ಶಾಸಕರು ಆರಿಸುತ್ತಾರೆ, ಇನ್ನು 25 ಜನರನ್ನು ಪಂಚಾಯಿತಿ, ಪುರಸಭೆಯಂಥ ಕಡೆಯ ಸದಸ್ಯರು, ಪದವೀಧರರಿಂದ 7, ಶಿಕ್ಷಕರಿಂದ 7, ಉಳಿದ 11 ನಾಮಕರಣ. ಒಬ್ಬೊಬ್ಬರಿಗೆ 6 ವರ್ಷ, 2 ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮನೆಗೆ, ಹಾಗಾಗಿ ವಿಧಾನಸಭೆ ವಿಸರ್ಜನೆಯಾದರೂ ಇದು ಮಾತ್ರ ಹಾಗೇ ಇರುತ್ತದೆ. ದೇಶದಲ್ಲಿ ಈಗ 6 ರಾಜ್ಯಗಳಲ್ಲಷ್ಟೇ ಇಂಥದ್ದಿದೆ.

ವೋಟು ಹಾಕುವುದೂ ಬೇರೆ ಥರ. ಮಷಿನ್ ಇಲ್ಲ, ಅವರು ಕೊಡೋ ನೇರಳೆ ಸ್ಕೆಚ್ ಪೆನ್ನಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ನಮ್ಮ ಇಷ್ಟದ ಕ್ರಮದಲ್ಲಿ 1, 2, 3 ಅಂತ ಬರೆಯಬೇಕು. ಡಿಗ್ರಿ ಮಾಡಿದವರೇ ಟಿಕ್ ಹಾಕಿ ವೋಟು ಕುಲಗೆಡಿಸಿಕೊಳ್ಳುತ್ತಾರೆ ಅಂದರೆ ನಗಬೇಕೋ ಅಳಬೇಕೋ!

ಅಮ್ಮ ಓದಿದ್ದು ಎಸ್ಸೆಸ್ಸೆಲ್ಸಿ. ಎಲ್ಲ ಕೇಳಿಸಿಕೊಂಡು, "ಹಾಗಾದರೆ ನನಗೊಂದು ವೋಟು, ನಿನಗೆರಡು, ಇದ್ಯಾವ ನ್ಯಾಯವೋ?" ಅಂದರು.

ಉತ್ತರ ಹೊಳೆಯಲಿಲ್ಲ. ಸುಮ್ನೆ ಡಿಗ್ರಿ ಸರ್ಟಿಫಿಕೇಟ್ ಹುಡುಕೋಕೆ ಎದ್ದೆ. ಅದನ್ನು ಜೋಪಾನವಾಗಿ ಬೀರುವಿನಲ್ಲಿಟ್ಟಿದ್ದೂ ಅಮ್ಮನೇ.