ಹೊಸ ವರ್ಷದ ಗುರಿಗೂ ಆಯ-ವ್ಯಯ ಬರೆಯಿರಿ

ಧನುರ್ಮಾಸ ಶುರುವಾಯಿತೆಂದರೆ ಈ ಪ್ರಶ್ನೆಯೂ ಶುರು. ಬೆಳಿಗ್ಗೆ ದೇವಸ್ಥಾನದಲ್ಲಿ ಹುಗ್ಗಿ ಪ್ರಸಾದ ತಿನ್ನುವಾಗ ಕೇಳುತ್ತಾರೆ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಕೇಳುತ್ತಾರೆ. "ಪ್ರತಿ ವರ್ಷ ಏನೋ ಒಂದು ಅಂದುಕೊಳ್ಳುತ್ತೇವೆ. ಸಂಕ್ರಾಂತಿ ಹೊತ್ತಿಗೆ ಬಿಟ್ಟುಹೋಗುತ್ತದೆ. ನೀವು ಹೇಗೆ ಗುರಿ ಇಟ್ಟುಕೊಳ್ಳುತ್ತೀರಿ?" ನಾನು ವರ್ಷಕ್ಕೆ ಒಂದೇ ಕೆಲಸ ಹಿಡಿದು ಮಾಡುತ್ತೇನೆ ಎಂದು ಗೊತ್ತಿರುವವರು ಕೇಳುವ ಪ್ರಶ್ನೆ ಇದು. ನಿಂತ ಕಾಲಲ್ಲಿ ಎರಡು ಮಾತು ಹೇಳಿ ಕಳಿಸಿದರೆ ನನಗೇ ಸಮಾಧಾನ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಇಷ್ಟು: ಏನು ಮಾಡುತ್ತೇನೆ ಎಂದು ಬರೆಯುವ ಮೊದಲು, ಅದಕ್ಕಾಗಿ ಏನು ಬಿಡುತ್ತೇನೆ ಎಂದು ಬರೆಯುತ್ತೇನೆ.

ಯುಗಾದಿಯ ದಿನ ಪಂಚಾಂಗ ಓದಿಸಿ ಕೇಳುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಪ್ರತಿ ರಾಶಿಗೂ ಆಯ ಇಷ್ಟು, ವ್ಯಯ ಇಷ್ಟು ಎಂದು ಓದುತ್ತಾರೆ. ಆಯ 11 ಬಂದವರ ಮುಖ ಅರಳುತ್ತದೆ. ಆದರೆ ಮನೆಯ ಹಿರಿಯರು ತಕ್ಷಣ ಕೇಳುತ್ತಾರೆ, "ವ್ಯಯ ಎಷ್ಟು ಬಂತು?" ಹೊಸ ವರ್ಷದ ಗುರಿಯ ಪಟ್ಟಿಯಲ್ಲಿ ಈ ಎರಡನೇ ಪ್ರಶ್ನೆ ಇರುವುದೇ ಇಲ್ಲ. ದಿನಾ ವ್ಯಾಯಾಮ, ದಿನಾ ಓದು, ಒಂದು ಹೊಸ ಭಾಷೆ, ಮಕ್ಕಳ ಜೊತೆ ಜಾಸ್ತಿ ಹೊತ್ತು. ಎಲ್ಲವೂ ಆಯವೇ. ದಿನಕ್ಕೆ ಇರುವುದು ಅದೇ 24 ಗಂಟೆ. ಅವೂ ಆಗಲೇ ತುಂಬಿವೆ. ಹೊಸದು ಬಂದು ಕೂರಲು ಜಾಗ ಎಲ್ಲಿದೆ?

ಇದು ಎಷ್ಟು ನಿಜ ಎಂದು ನನಗೆ ತೋರಿಸಿದವರು ನಮ್ಮ ಅತ್ತಿಗೆ.

ಅತ್ತಿಗೆ ಮದುವೆಗೆ ಮುಂಚೆ ವೀಣೆ ಕಲಿತಿದ್ದರು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ ಎಲ್ಲ ಮುಗಿಸಿ ವರ್ಣಕ್ಕೆ ಬಂದಿದ್ದರಂತೆ. ಆಮೇಲೆ ಮದುವೆ, ಮಕ್ಕಳು, ಮಾವನವರ ಕಾಯಿಲೆ. ವೀಣೆ ಮಂಚದ ಪಕ್ಕದ ಮೂಲೆಗೆ ಹೋಯಿತು. ಒಂದು ಡಿಸೆಂಬರ್‌ನಲ್ಲಿ ಅವರು, "ಹೊಸ ವರ್ಷಕ್ಕೆ ವೀಣೆ ಮತ್ತೆ ಶುರು ಮಾಡಬೇಕು, ಸಂಗೀತದ ಸೀನಿಯರ್ ಪರೀಕ್ಷೆ ಕಟ್ಟಬೇಕು" ಎಂದರು. ಎಲ್ಲರೂ ಖುಷಿಪಟ್ಟೆವು. ಅಣ್ಣ ತಂತಿ ಬದಲಾಯಿಸಿಕೊಂಡು ಬಂದ. ನಾನು ಅವರನ್ನು ಒಂದು ಮಾತು ಕೇಳಿದೆ, "ಅತ್ತಿಗೆ, ಯಾವ ಹೊತ್ತಿನಲ್ಲಿ ನುಡಿಸುತ್ತೀರಿ?"

ಅವರು ಯೋಚಿಸಿದರು. ಬೆಳಿಗ್ಗೆ ಆಗುವುದಿಲ್ಲ, ಡಬ್ಬಿ ಕಟ್ಟಬೇಕು. ಮಧ್ಯಾಹ್ನ ಅವರ ಅತ್ತೆ ಮಲಗಿರುತ್ತಾರೆ. ರಾತ್ರಿ ಮಕ್ಕಳ ಓದು. ಉಳಿದದ್ದು ಸಂಜೆ ನಾಲ್ಕೂವರೆಯಿಂದ ಐದೂ ಕಾಲು. ಅದೇ ಹೊತ್ತಿಗೆ ಮನೆಯವರಿಗೆಲ್ಲ ಕಾಫಿ, ಮಕ್ಕಳಿಗೆ ತಿಂಡಿ. ಅಲ್ಲಿಗೆ ಅವರ ಗುರಿಯ ನಿಜವಾದ ರೂಪ ಕಾಣಿಸಿತು. ಸಂಜೆಯ ಕಾಫಿ ಯಾರು ಮಾಡುವುದು ಎನ್ನುವುದು ಇತ್ಯರ್ಥ ಆಗದೆ ವೀಣೆಯ ಗವಸು ಬಿಚ್ಚಿ ಉಪಯೋಗವಿಲ್ಲ.

ಆ ರಾತ್ರಿ ಊಟ ಬಡಿಸುತ್ತಾ ಅತ್ತಿಗೆ ಅಣ್ಣನಿಗೆ ಹೇಳಿದರು, "ರೀ, ಸಂಜೆ ಕಾಫಿ ಇನ್ನು ಮೇಲೆ ನಿಮ್ಮದು. ಡಿಕಾಕ್ಷನ್ ನಾನು ಹಾಕಿಟ್ಟಿರುತ್ತೇನೆ. ಹಾಲು ಕಾಯಿಸಿ ಬೆರೆಸಿ ಕೊಡೋದು ನೀವು." ಅಣ್ಣ ಮನೆಯಿಂದಲೇ ಕೆಲಸ ಮಾಡುತ್ತಾನೆ, ಒಪ್ಪಿದ. ಅತ್ತಿಗೆಯ ಅತ್ತೆಗೆ ಮೊದಲು ಸ್ವಲ್ಪ ಇರುಸುಮುರುಸಾಯಿತು. ಆಮೇಲೆ ಅವರೇ ಪಕ್ಕದ ಕೋಣೆಯಿಂದ ಕೇಳಿಸಿಕೊಂಡು, "ನಿನ್ನೆಗಿಂತ ಇವತ್ತು ಚೆನ್ನಾಗಿತ್ತಮ್ಮ" ಎನ್ನಲು ಶುರು ಮಾಡಿದರು.

ಇನ್ನೊಂದೂ ಆಯಿತು. ಕೆಲವು ವಾರ ನುಡಿಸಿದ ಮೇಲೆ ಅತ್ತಿಗೆ ಪರೀಕ್ಷೆಯ ವಿಷಯ ಕೈಬಿಟ್ಟರು. ಪರೀಕ್ಷೆಯ ಆಸೆ ಅವರ ತಂದೆಯವರದ್ದಾಗಿತ್ತಂತೆ. ಅತ್ತಿಗೆಗೆ ಬೇಕಿದ್ದದ್ದು ದಿನಕ್ಕೆ ಮುಕ್ಕಾಲು ಗಂಟೆ ವೀಣೆಯ ಮುಂದೆ ಕೂರುವುದು. ಇದು ಸೋಲು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಗುರಿ ಯಾರದ್ದು ಎಂದು ಕೇಳಿಕೊಳ್ಳುವುದು ಬಹಳ ಮುಖ್ಯ. ನಮ್ಮಲ್ಲಿ ಎಷ್ಟೋ ಗುರಿಗಳು ಅಪ್ಪನಿಂದ, ಓರಗೆಯವರಿಂದ, ಪಕ್ಕದ ಮನೆಯ ಹುಡುಗನ ಮಾರ್ಕ್ಸ್ ಕಾರ್ಡಿನಿಂದ ಬಂದವು. ಅಂಥ ಗುರಿಗೆ ನಮ್ಮ ಸಂಜೆಯನ್ನು ಕೊಡಲು ಮನಸ್ಸು ಬರುವುದಿಲ್ಲ. ವ್ಯಯ ಬರೆಯಲು ಕೂತಾಗಲೇ ಅದು ಗೊತ್ತಾಗಿಬಿಡುತ್ತದೆ.

ಹೆಂಗಸರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಗುರಿಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಬಾಯಿಬಿಟ್ಟು ಹೇಳಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಆಗ ನಿಮ್ಮ ಯಾವ ಕೆಲಸ ಯಾರ ಪಾಲಿಗೆ, ಎಲ್ಲವನ್ನೂ ಹೇಳಿ. ಮನೆಯ ಕೆಲಸವನ್ನೆಲ್ಲ ಹಾಗೇ ಇಟ್ಟುಕೊಂಡು ನಸುಕಿನ ನಾಲ್ಕಕ್ಕೆ ಎದ್ದು ಗುರಿ ಸಾಧಿಸಿ ಎಂದು ಹೇಳುವವರಿದ್ದಾರೆ. ನಿದ್ದೆ ಕದ್ದು ಕಟ್ಟಿದ್ದು ಬಹಳ ದಿನ ನಿಲ್ಲುವುದಿಲ್ಲ. ಅಂಥ ಸಲಹೆಯನ್ನು ಯಾರಿಗೂ ಕೊಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಗುರಿಯನ್ನು ಬರೆಯುವ ಬಗೆ. "ತೂಕ ಇಳಿಸಬೇಕು" ಎನ್ನುವುದನ್ನು ಎಲ್ಲರೂ ಬರೆಯುತ್ತಾರೆ. ನಾಳೆ ಬೆಳಿಗ್ಗೆ ಎದ್ದು ತೂಕ ಇಳಿಸಲು ಆಗುತ್ತದಾ? ಆಗುವುದಿಲ್ಲ. ನಾಳೆ ಬೆಳಿಗ್ಗೆ ನಡೆಯಲು ಆಗುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆ. ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಜನವರಿಯಲ್ಲಿ ಹೊಸ ಮುಖಗಳು ತುಂಬಿರುತ್ತವೆ. ಹೊಸ ಶೂ, ಹೊಸ ಹುರುಪು. ಅವರನ್ನು ನೋಡಿದರೆ ನನಗೆ ನಿಜವಾಗಿ ಸಂತೋಷ. ಅವರಲ್ಲಿ ಉಳಿಯುವವರು ಯಾರು ಎಂದು ಗಮನಿಸಿದ್ದೇನೆ. ಮಗುವನ್ನು ಶಾಲೆಗೆ ಬಿಟ್ಟು ಹಾಗೇ ಕೆರೆಗೆ ಬರುವವರು ಉಳಿಯುತ್ತಾರೆ. ಹಾಲು ತರಲು ಹೊರಟವರು ಉಳಿಯುತ್ತಾರೆ. ಆಗಲೇ ಇರುವ ಒಂದು ಕೆಲಸದ ಬಾಲಕ್ಕೆ ಹೊಸದನ್ನು ಕಟ್ಟಿಕೊಂಡವರು ಅವರು.

ಇದಕ್ಕೆ ಸಂಶೋಧನೆಯ ಬೆಂಬಲವೂ ಇದೆ. ಪೀಟರ್ ಗೋಲ್ವಿಟ್ಸರ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. "ವ್ಯಾಯಾಮ ಮಾಡುತ್ತೇನೆ" ಎಂದು ಸುಮ್ನೆ ಅಂದುಕೊಳ್ಳುವುದು ಒಂದು. "ಇಂಥ ಹೊತ್ತಿನಲ್ಲಿ, ಇಂಥ ಜಾಗದಲ್ಲಿ, ಇದಾದ ಕೂಡಲೇ ಅದು ಮಾಡುತ್ತೇನೆ" ಎಂದು ಮೊದಲೇ ನಿಶ್ಚಯಿಸುವುದು ಇನ್ನೊಂದು. 2006ರಲ್ಲಿ ಅವರು ಮತ್ತು ಪಾಸ್ಕಲ್ ಶೀರನ್ 94 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಎರಡನೆಯ ಬಗೆಯಲ್ಲಿ ನಿಶ್ಚಯಿಸಿದವರು ಗುರಿ ಮುಟ್ಟುವುದು ಸ್ಪಷ್ಟವಾಗಿ ಹೆಚ್ಚು ಎಂದು ಕಂಡಿತು. ಅತ್ತಿಗೆಗೆ ಈ ಅಧ್ಯಯನ ಗೊತ್ತಿರಲಿಲ್ಲ. ನಾಲ್ಕೂವರೆಯ ಗಡಿಯಾರ ಗೊತ್ತಿತ್ತು.

ಸ್ವೀಡನ್‌ನಲ್ಲಿ ಹೊಸ ವರ್ಷದ ಸಂಕಲ್ಪಗಳ ಮೇಲೆಯೇ ಒಂದು ದೊಡ್ಡ ಅಧ್ಯಯನ ನಡೆದು 2020ರಲ್ಲಿ ಪ್ರಕಟವಾಯಿತು. ಸಾವಿರಕ್ಕೂ ಹೆಚ್ಚು ಜನರನ್ನು ಒಂದು ವರ್ಷ ಹಿಂಬಾಲಿಸಿ ಕೇಳಿದ್ದರು. "ಇದನ್ನು ಮಾಡುತ್ತೇನೆ" ಎಂದವರಲ್ಲಿ ಸುಮಾರು 59% ಮಂದಿ ತಮ್ಮದು ಗೆದ್ದಿತು ಎಂದರು. "ಇದನ್ನು ಬಿಡುತ್ತೇನೆ" ಎಂದವರಲ್ಲಿ ಸುಮಾರು 47%. ನಾನು ಏನನ್ನು ಬಿಡುತ್ತೀರಿ ಎಂದು ಬರೆಯಲು ಹೇಳಿದ್ದೆ. ಹಾಗಾದರೆ ಇದು ಅದಕ್ಕೆ ಎದುರಾಗುವುದಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ. ಬಿಡುವುದು ಜಾಗಕ್ಕಾಗಿ, ಗುರಿ ಮಾತ್ರ ಮಾಡುವ ಕೆಲಸವೇ ಆಗಿರಲಿ. "ಮೊಬೈಲ್ ನೋಡುವುದಿಲ್ಲ" ಎಂದು ಬರೆದರೆ ಕೈ ಖಾಲಿ ಉಳಿಯುತ್ತದೆ, ಮತ್ತೆ ಅಲ್ಲಿಗೇ ಹೋಗುತ್ತದೆ. "ರಾತ್ರಿ ಹತ್ತಕ್ಕೆ ಮೊಬೈಲನ್ನು ಹಾಲ್‌ನಲ್ಲಿ ಚಾರ್ಜಿಗೆ ಹಾಕಿ, ಕೋಣೆಗೆ ಬಂದು ಎರಡು ಪುಟ ಓದುತ್ತೇನೆ" ಎಂದು ಬರೆದರೆ ಕೈಗೊಂದು ಕೆಲಸ ಸಿಗುತ್ತದೆ.

ಹಣದ ಗುರಿಗೆ ಇಷ್ಟೆಲ್ಲ ಯೋಚನೆ ಬೇಡ. ಸಂಬಳ ಬಂದ ಮಾರನೇ ದಿನವೇ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಖಾತೆಗೆ ಹಣ ತಾನಾಗಿ ಹೋಗುವ ಹಾಗೆ ಮಾಡಿ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದಲೂ ಆರ್‌ಡಿ ಶುರು ಮಾಡಬಹುದು. ಅಲ್ಲಿಗೆ ಆಯಿತು.

"21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗಿಬಿಡುತ್ತದಂತೆ, ಹೌದಾ?" ಗುರಿಯ ಮಾತು ಬಂದರೆ ಹಿಂದೆಯೇ ಬರುವ ಪ್ರಶ್ನೆ ಇದು. ಈ 21ರ ಲೆಕ್ಕ ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆ ಎಂದರೂ ಸುಮಾರು 21 ದಿನ ಬೇಕು ಎಂದು ಅವರು ಗಮನಿಸಿದ್ದರು. ನಡಿಗೆಗೂ ವೀಣೆಗೂ ಅದು ಹೊಂದುವುದಿಲ್ಲ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿ ಅಂದಾಜು ಮಾಡಿದರು. ಒಂದು ಕೆಲಸ ಯೋಚನೆಯಿಲ್ಲದೆ ನಡೆಯುವ ಮಟ್ಟಕ್ಕೆ ಬರಲು ಬೇಕಾದ ದಿನಗಳ ಮಧ್ಯದ ಸಂಖ್ಯೆ 66. ಒಬ್ಬೊಬ್ಬರಿಗೆ ಈ ಅಂದಾಜು 18 ದಿನದಿಂದ 254 ದಿನದವರೆಗೂ ಹೋಯಿತು. ಊಟದ ಜೊತೆ ನೀರು ಕುಡಿಯುವುದು ಬೇಗ ಕೂಡಿಬರುತ್ತದೆ, ವ್ಯಾಯಾಮಕ್ಕೆ ಹೆಚ್ಚು ದಿನ ಬೇಕು. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಇನ್ನೊಂದು ಅಂಶ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಜ್ವರ ಬಂದ ದಿನ, ನೆಂಟರು ಬಂದ ದಿನ, ಊರಿಗೆ ಹೋದ ದಿನ ತಪ್ಪಲಿ ಬಿಡಿ. ಮರುದಿನ ಅದೇ ಹೊತ್ತಿಗೆ ಕೂತರೆ ಸಾಕು.

ಜನವರಿ ಒಂದು ನಮ್ಮ ಹೊಸ ವರ್ಷ ಅಲ್ಲವಲ್ಲ, ಯುಗಾದಿಗೆ ಶುರು ಮಾಡಬೇಕಲ್ಲವೇ ಎಂದೂ ಹಲವರು ಕೇಳುತ್ತಾರೆ. ಎರಡೂ ನಮ್ಮದೇ ಎನ್ನುತ್ತೇನೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ತೋರಿಸಿದ್ದು ಇದನ್ನೇ. ವಾರದ ಆರಂಭದಲ್ಲಿ, ತಿಂಗಳ ಆರಂಭದಲ್ಲಿ, ವರ್ಷದ ಆರಂಭದಲ್ಲಿ, ಹುಟ್ಟುಹಬ್ಬದ ನಂತರ ಜನ ಹೊಸ ಉತ್ಸಾಹದಿಂದ ಕೆಲಸ ಹಿಡಿಯುತ್ತಾರೆ. ನಮಗಂತೂ ಇಂಥ ಬಾಗಿಲುಗಳು ಎಷ್ಟೊಂದು! ಜನವರಿ, ಸಂಕ್ರಾಂತಿ, ಯುಗಾದಿ, ಏಪ್ರಿಲ್ ಒಂದರ ಲೆಕ್ಕದ ವರ್ಷ, ಶಾಲೆ ತೆರೆಯುವ ದಿನ, ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ದೀಪಾವಳಿ. ಜನವರಿಯದ್ದು ಕೈತಪ್ಪಿದರೆ ಡಿಸೆಂಬರ್‌ವರೆಗೆ ಕಾಯಬೇಕಾಗಿಲ್ಲ. ಯುಗಾದಿ ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಬಂದೇ ಬರುತ್ತದೆ.

ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ಯುಗಾದಿಯ ಹೊತ್ತಿಗೆ ಹೊನ್ನಾರು ಕಟ್ಟುತ್ತಾರೆ. ಎತ್ತುಗಳ ಮೈ ತೊಳೆದು ಸಿಂಗರಿಸಿ, ನೇಗಿಲಿಗೆ ಪೂಜೆ ಮಾಡಿ, ವರ್ಷದ ಮೊದಲ ಉಳುಮೆ ಮಾಡುತ್ತಾರೆ. ಅವತ್ತೇ ಹೊಲವನ್ನೆಲ್ಲ ಉತ್ತು ಮುಗಿಸುವ ಹಟ ಯಾರಿಗೂ ಇಲ್ಲ. ಶಾಸ್ತ್ರಕ್ಕೆ ಕೆಲವು ಸಾಲು ಹೊಡೆಯುತ್ತಾರೆ, ಆಮೇಲೆ ಹಬ್ಬದೂಟ. ನನಗೆ ಈ ಪದ್ಧತಿ ಬಹಳ ಇಷ್ಟ. ಮೊದಲ ದಿನ ಕೆಲಸವನ್ನು ಮುಟ್ಟಿದರೆ ಸಾಕು. ಮೊದಲ ದಿನವೇ ಐದು ಕಿಲೋಮೀಟರ್ ಓಡಿ, ಮಂಡಿ ಹಿಡಿದುಕೊಂಡು ಕೂತವರನ್ನು ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ನೋಡಿದಾಗೆಲ್ಲ ಹತ್ತಿರ ಹೋಗಿ ಇದನ್ನು ಹೇಳಬೇಕು ಅನ್ನಿಸುತ್ತದೆ.

ಗುರುತು ಇಡಲು ಆ್ಯಪ್ ಬೇಕೇ ಎಂದು ಕೇಳುವವರಿಗೆ ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸುತ್ತೇನೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಕೆಲಸದವರು ರಜೆ ಹಾಕಿದ್ದು ಎಲ್ಲ ಅಲ್ಲೇ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಸಣ್ಣ ಗೀಟು. ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ. ತಿಂಗಳ ಹಾಳೆ ಮಗುಚುವಾಗ ಗೀಟುಗಳನ್ನು ನೋಡುತ್ತೇನೆ. ವಾರದಲ್ಲಿ ಎರಡೇ ಬಿದ್ದಿದ್ದರೆ ನನ್ನನ್ನು ಬೈದುಕೊಳ್ಳುವುದಿಲ್ಲ, ಹೊತ್ತು ಬದಲಾಯಿಸುತ್ತೇನೆ. ಬಹಳ ಸಲ ತೊಂದರೆ ಇರುವುದು ಆರಿಸಿದ ಹೊತ್ತಿನಲ್ಲಿ.

ಎಷ್ಟು ಗುರಿ ಇರಬೇಕು? ಒಂದು. ಮನೆಯಲ್ಲಿ ಚಿಕ್ಕ ಮಗುವೋ ಹಾಸಿಗೆ ಹಿಡಿದವರೋ ಇದ್ದರೆ ಆ ವರ್ಷಕ್ಕೆ ಅವರನ್ನು ನೋಡಿಕೊಳ್ಳುವುದೇ ಗುರಿ. ಅದಕ್ಕೆ ಬೇರೆ ಯಾವುದನ್ನೂ ಸೇರಿಸಬೇಡಿ.

ಕೊನೆಗೆ ಎಲ್ಲರೂ ಕೇಳುವುದು, "ಸರಿ, ಈ ವರ್ಷ ನಿಮ್ಮದೇನು?" ನನ್ನದು ಹೀಗಿದೆ. ಭಾನುವಾರ ಬೆಳಿಗ್ಗೆ ತಿಂಡಿ ಆದ ಕೂಡಲೇ ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡುವುದು. ಹಳೆಯ ಮನೆಯ ಒಂದು ಸಂಗತಿ ಕೇಳುವುದು. ಅವರ ಮಾತಿನಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ವ್ಯಯದ ಕಡೆ ಬರೆದದ್ದು ಭಾನುವಾರದ ಪುರವಣಿ. ಅದನ್ನು ಆ ಹೊತ್ತಿನಲ್ಲೇ ಓದುವುದು ನನ್ನ ಬಹಳ ವರ್ಷದ ರೂಢಿ. ಇನ್ನು ಮೇಲೆ ಅದು ಮಧ್ಯಾಹ್ನಕ್ಕೆ ಹೋಗುತ್ತದೆ. ಮನೆಯಲ್ಲಿ ಹೇಳಿದ್ದೇನೆ, ತಿಂಡಿಯ ಪಾತ್ರೆ ತೊಳೆಯುವ ಕೆಲಸ ಆ ಒಂದು ದಿನ ಮಗನದ್ದು. ಅಮ್ಮನಿಗೂ ಹೇಳಿದೆ. "ನನ್ನ ಕಥೆ ಏನಿದೆ ಕಣೇ, ನಿಮ್ಮಜ್ಜೀದು ಬರ್ಕೋ" ಎಂದರು. ಹಾಗಾಗಿ ಮೊದಲು ಅಜ್ಜಿಯಿಂದಲೇ ಶುರು. ಅಜ್ಜಿ ಯಾವ ಊರಿನಿಂದ ಮದುವೆಯಾಗಿ ಬಂದರು, ಹಿತ್ತಲಲ್ಲಿ ಏನೇನು ಬೆಳೆಯುತ್ತಿದ್ದರು, ಬರ ಬಂದ ವರ್ಷ ಮನೆ ಹೇಗೆ ನಡೆಸಿದರು. ಮೊದಲ ತಿಂಗಳಿಗೆ ಈ ಮೂರು ಪ್ರಶ್ನೆ ಸಾಕು.