ಮಳೆಯಲ್ಲಿ ನೋಡಬಾರದ ಸಿನೆಮಾ

ಶಿರಸಿಯಲ್ಲಿ ಜಡಿಮಳೆ ಹಿಡಿದಾಗ ಕೊರಿಯಾದ ‘ಮೆಮೊರೀಸ್ ಆಫ್ ಮರ್ಡರ್’ ನೋಡಬಾರದು. ಅಲ್ಲೂ ಮಳೆ, ಅಲ್ಲೂ ಗದ್ದೆ, ಗದ್ದೆ ಪಕ್ಕದ ಮೋರಿಯಲ್ಲೇ ಹೆಣ. ನಮ್ಮ ಮನೆ ಕೆಳಗಿನ ಗದ್ದೆ ಕಡೆ ಟಾರ್ಚ್ ಬಿಡಲಿಕ್ಕೂ ಧೈರ್ಯ ಆಗಲಿಲ್ಲ.

2003ರ ಸಿನೆಮಾ, ಬೊಂಗ್ ಜೂನ್-ಹೋ ನಿರ್ದೇಶನ. 1986ರಿಂದ 1991ರ ನಡುವೆ ಹ್ವಾಸೊಂಗ್‌ನಲ್ಲಿ ನಡೆದ ಹೆಂಗಸರ ಸರಣಿ ಕೊಲೆಗಳ ಕತೆ. ಕೊಲೆಗಿಂತ ಪೊಲೀಸರ ಪೆದ್ದುತನವೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಕೆಸರಲ್ಲಿ ಅಪರೂಪಕ್ಕೆ ಒಂದು ಹೆಜ್ಜೆಗುರುತು ಸಿಕ್ಕಿದೆ. ನೋಡ್ತಾ ನೋಡ್ತಾ ಅದರ ಮೇಲೇ ಟ್ರಾಕ್ಟರ್ ಹೋಗಿಬಿಡುತ್ತದೆ. ಆಮೇಲೆ ಸಾಕ್ಷಿಗೆ ಅಂತ ತಾವೇ ಬೂಟಿನ ಅಚ್ಚು ಒತ್ತುತ್ತಾರೆ, ಕೈಗೆ ಸಿಕ್ಕವನನ್ನು ಬಡಿದು ಒಪ್ಪಿಸುತ್ತಾರೆ. ನಗು ಬರುತ್ತದೆ, ನಕ್ಕಿದ್ದಕ್ಕೆ ಮುಜುಗರವೂ.

"ಅಂವ ಕಡಿಗೂ ಸಿಕ್ಕಿದ್ನಿಲ್ಯ?" ಆಯಿ ಕೇಳಿದಳು.

ಸಿನೆಮಾದಲ್ಲಿ ಇಲ್ಲ. ಕೊನೆಗೆ, ಪೊಲೀಸ್ ಕೆಲಸ ಬಿಟ್ಟ ನಾಯಕ ನೇರ ಕ್ಯಾಮೆರಾಕ್ಕೇ ಕಣ್ಣು ನೆಡುತ್ತಾನೆ, ಕೊಲೆಗಾರ ಥಿಯೇಟರಿನಲ್ಲಿ ಕೂತಿದ್ದರೆ ನೋಡಲಿ ಅಂತ. ನಿಜದಲ್ಲಿ ಡಿಎನ್‌ಎ ತಾಳೆಯಾಗಿದ್ದು 2019ರಲ್ಲಿ. ಆಸಾಮಿ ಬೇರೊಂದು ಕೊಲೆಗೆ 1994ರಿಂದಲೇ ಜೈಲಲ್ಲಿದ್ದ. ಸಿನೆಮಾವನ್ನೂ ಅಲ್ಲೇ ನೋಡಿದ್ದನಂತೆ, ಏನೂ ಅನ್ನಿಸಲಿಲ್ಲವಂತೆ! ಕಾಲಮಿತಿ ಮುಗಿದಿದ್ದರಿಂದ ಆ ಹಳೇ ಕೇಸುಗಳಿಗೆ ಶಿಕ್ಷೆಯೂ ಇಲ್ಲ.

ನನ್ನನ್ನು ಕಾಡಿದ್ದು ಮಾತ್ರ ಇನ್ನೊಬ್ಬ. ಅದರಲ್ಲೊಂದು ಕೊಲೆಗೆ ಬಲವಂತದ ತಪ್ಪೊಪ್ಪಿಗೆ ಬರೆಸಿಕೊಂಡು ಸುಮಾರು 20 ವರ್ಷ ಅವನನ್ನು ಒಳಗಿಟ್ಟಿದ್ದರು. ನಿರಪರಾಧಿ ಅಂತ ಕೋರ್ಟು ಹೇಳಿದ್ದು 2020ರಲ್ಲಿ. ಇದನ್ನು ಕೇಳಿ ಆಯಿ ಆ ಪೊಲೀಸರಿಗೆ ಕೊಟ್ಟ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.